ಬೊಂಬಾಯಿಯಿಂದ ಬಂದ ಬಲ್ಬುಗಳು

ಹೆಮ್ಮೆ ಪಡುವುದಕ್ಕೆ ಮನುಷ್ಯನಿಗೆ ಏನಾದರೊಂದು ಬೇಕೇ ಬೇಕು. ಕೆಲವರಿಗೆ ಮಕ್ಕಳಿರುತ್ತಾರೆ, ಕೆಲವರಿಗೆ ಮನೆತನವಿರುತ್ತದೆ, ಎರಡೂ ಇಲ್ಲದವರಿಗೆ ಅಭಿಪ್ರಾಯಗಳಿರುತ್ತವೆ. ನಮ್ಮ ಕೋರ್ಟಿನಲ್ಲಿ ಒಬ್ಬ ಮುದಿ ವಕೀಲರಿದ್ದರು. ಅವರಿಗೆ ತಮ್ಮ ಹಲ್ಲುಗಳ ಬಗ್ಗೆ ಹೆಮ್ಮೆ. ಆ ವಯಸ್ಸಿನಲ್ಲಿಯೂ ಇಡೀ ಅಡಿಕೆಯನ್ನು ಬಾಯಿಗೆ ಹಾಕಿಕೊಂಡು ಕಟ್ಟೆಂದು ಒಡೆಯುತ್ತಿದ್ದರು. ಆ ಸದ್ದು ಕೇಳಿಯೇ ಅವರ ಕಕ್ಷಿದಾರರಿಗೆ ಅರ್ಧ ಕೇಸು ಗೆದ್ದಷ್ಟು ಧೈರ್ಯ ಬರುತ್ತಿತ್ತು. ನಾನು ಅವರನ್ನು ನೋಡಿ ಒಳಗೊಳಗೇ ನಗುತ್ತಿದ್ದೆ. ಈಗ ನಗುವುದಿಲ್ಲ. ಯಾಕೆಂದರೆ ನನ್ನ ಹೆಮ್ಮೆ ನಿಂತದ್ದು ಎರಡು ಬಲ್ಬುಗಳ ಮೇಲೆ. ಹಲ್ಲಾದರೋ ಅವರ ಸ್ವಂತದ್ದು, ಅವರ ಬಾಯಲ್ಲೇ ಹುಟ್ಟಿ ಬೆಳೆದದ್ದು. ನನ್ನವು ಹುಲ್ಲಿನಲ್ಲಿ ಸುತ್ತಿಕೊಂಡು ಹಡಗಿನಲ್ಲಿ ಬಂದವು.

ನನ್ನ ಅಜ್ಜ ದೇವಸ್ಥಾನದ ಅರ್ಚಕರು, ಅಪ್ಪ ಶಾಲೆಯ ಮಾಸ್ತರರು, ನಾನು ವಕೀಲ. ಹೀಗೆ ಮಂತ್ರದಿಂದ ಪಾಠಕ್ಕೆ, ಪಾಠದಿಂದ ವಾದಕ್ಕೆ ಬಂದ ನಮ್ಮ ಮನೆಯ ಬಾಯಿ ಯಾವ ತಲೆಮಾರಿನಲ್ಲಿಯೂ ಸುಮ್ಮನೆ ಕೂತದ್ದಿಲ್ಲ. ಆದರೆ ಕಾರು ಎಂಬುದು ಬಂದದ್ದು ನನ್ನ ಕಾಲಕ್ಕೆ. ಘಟ್ಟದ ಮೇಲಿನ ಕಾಫಿ ತೋಟದ ಬಿಳಿ ದೊರೆಯೊಬ್ಬ ತನ್ನ ಸೀಮೆಗೆ ವಾಪಸು ಹೊರಟಾಗ ತನ್ನ ಕುದುರೆ, ನಾಯಿ, ಪಿಯಾನೊ ಎಲ್ಲವನ್ನೂ ಮಾರಿದ. ಕುದುರೆ ಓಡಿಸುವುದು ನನಗೆ ಬಾರದು, ನಾಯಿ ನನ್ನನ್ನು ನೋಡಿದ ಕೂಡಲೇ ಬೊಗಳಿತು, ಪಿಯಾನೊ ಜೆಪ್ಪು ಕೇರಿಯ ನಮ್ಮ ಮನೆಯ ಬಾಗಿಲಿನಲ್ಲಿ ಹಿಡಿಸದು. ಉಳಿದದ್ದು ಕಾರು. ಬಟ್ಟೆಯ ಮುಚ್ಚಿಗೆ, ಮರದ ಕಡ್ಡಿಗಳ ಗಾಲಿ, ಒತ್ತಿದರೆ ಪೋಂ ಎನ್ನುವ ರಬ್ಬರಿನ ಹಾರನ್. ಮೋಟಾರುಗಳು ಊರಿನಲ್ಲಿ ಇನ್ನೂ ಅಪರೂಪವಾಗಿದ್ದ ಕಾಲ ಅದು. ನನ್ನ ಕಾರು ಹೊಸದಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ಎಲ್ಲರೂ ತಿರುಗಿ ನೋಡುತ್ತಿದ್ದರು.

ಆ ಕಾರಿಗೆ ಇದ್ದ ಒಂದೇ ಕುಂದು ಅದರ ಕಣ್ಣು. ಹೆಡ್‌ಲೈಟುಗಳು ನೋಡಲು ಭಾರೀ ದೊಡ್ಡವು, ಒಂದೊಂದೂ ಪೂಜೆಯ ಹರಿವಾಣದಷ್ಟು ಅಗಲ. ಒಳಗಿನ ಬಲ್ಬು ಮಾತ್ರ ಮುದಿಯಾಗಿತ್ತು. ಸ್ವಿಚ್ ತಿರುಗಿಸಿದ ಮೇಲೆ ಅದು ಉರಿದಿದೆಯೇ ಇಲ್ಲವೇ ಎಂದು ನೋಡಲು ನಾನು ಇಳಿದು ಮುಂದೆ ಹೋಗಬೇಕಾಗುತ್ತಿತ್ತು. ಒಮ್ಮೆ ಪಡೀಲಿನ ಕಡೆಯಿಂದ ಕತ್ತಲಾದ ಮೇಲೆ ಬರುತ್ತಿರುವಾಗ ದಾರಿಯ ನಡುವೆ ಎತ್ತೊಂದು ಮಲಗಿತ್ತು. ಅದು ನನಗೆ ಕಂಡದ್ದು ಎದ್ದು ನಿಂತ ಮೇಲೆ. ಎತ್ತು ನನ್ನನ್ನು ಮೊದಲು ನೋಡಿತು ಎಂಬುದಕ್ಕೆ ನನಗೆ ಬಹಳ ಅವಮಾನವಾಯಿತು.

ದೊರೆಯ ಕಾರಿನ ಹಿಂದಿನ ಸೀಟಿನಡಿಯಲ್ಲಿ ಮೋಟಾರು ಮಂದಿಯ ಒಂದಷ್ಟು ಹಳೆಯ ಪತ್ರಿಕೆಗಳಿದ್ದವು. ಕಾನೂನಿನ ಪುಸ್ತಕ ಓದಬೇಕಾದ ಹೊತ್ತಿನಲ್ಲಿ ನಾನು ಅವುಗಳನ್ನು ಓದುತ್ತಿದ್ದೆ. ಅದರಲ್ಲೊಂದು ಜಾಹೀರಾತು: ಕಾರಿನ ಜೊತೆಗೆ ಬಂದ ಬಲ್ಬನ್ನು ಕಿತ್ತೆಸೆಯಿರಿ, ನಮ್ಮದನ್ನು ಹಾಕಿರಿ, ಇರುಳು ಹಗಲಾಗುತ್ತದೆ. ಜೊತೆಗೊಂದು ಚಿತ್ರ. ಚಿತ್ರದಲ್ಲಿ ಒಬ್ಬ ಟೊಪ್ಪಿಯವನು ಕಾರು ಬಿಡುತ್ತಿದ್ದಾನೆ, ಮುಂದೆ ಇಡೀ ಬೆಟ್ಟ ಬೆಳಗಿದೆ, ಬೆಟ್ಟದ ಮೇಲಿನ ಕುರಿಗಳನ್ನು ಬೇಕಾದರೆ ಲೆಕ್ಕ ಮಾಡಬಹುದು. ಆ ಚಿತ್ರ ನನ್ನ ನಿದ್ದೆ ಕೆಡಿಸಿತು. ಬೊಂಬಾಯಿಯ ಅಂಗಡಿಗೆ ಬರೆದು ಹಾಕಿದೆ. ನನ್ನ ಹೆಂಡತಿ ರುಕ್ಮಿಣಿ, "ಇದ್ದ ಬಲ್ಬು ಎಂತ ಮಾಡಿತು ನಿಮಗೆ? ಉರೀತದಲ್ಲ?" ಎಂದಳು. "ಉರೀತದೆ, ಆದರೆ ಬೆಳಕು ಕೊಡುವುದಿಲ್ಲ" ಎಂದೆ. ಅವಳು ನನ್ನನ್ನು ಒಂದು ಗಳಿಗೆ ನೋಡಿ ಒಳಗೆ ಹೋದಳು.

ಹಡಗು ಬಂದ ದಿನ ಕೋರ್ಟಿನಲ್ಲಿ ವಾಯಿದೆ ಕೇಳಿ ಬಂದರಿಗೆ ಓಡಿದೆ. ಹಡಗು ದೂರ ಸಮುದ್ರದಲ್ಲೇ ನಿಲ್ಲುತ್ತದೆ, ಸಾಮಾನು ದೋಣಿಯಲ್ಲಿ ದಡಕ್ಕೆ ಬರಬೇಕು. ಅಕ್ಕಿ ಮೂಟೆ, ಸೀಮೆಎಣ್ಣೆ ಡಬ್ಬ, ಯಾರದೋ ಕಬ್ಬಿಣದ ಮಂಚ, ಇವುಗಳ ನಡುವೆ ನನ್ನ ಪುಟ್ಟ ಪೆಟ್ಟಿಗೆ. ಅದನ್ನು ಎರಡು ಕೈಯಲ್ಲಿ ಎತ್ತಿಕೊಂಡು ಕಾರಿನ ತನಕ ಬಂದೆ. ಬಂದವನಿಗೆ ಹೆದರಿಕೆ ಶುರುವಾಯಿತು. ನಮ್ಮ ಕಾರಿನ ಕುಲುಕಾಟಕ್ಕೆ ಒಳಗಿನ ತಂತಿ ಕಡಿದುಹೋದರೆ? ಕೊನೆಗೆ ಕಾರನ್ನು ಬಂದರಿನಲ್ಲಿಯೇ ಬಿಟ್ಟು, ಕಾರಿನ ಬಲ್ಬುಗಳನ್ನು ಜಟಕಾದಲ್ಲಿ ತೊಡೆಯ ಮೇಲಿಟ್ಟುಕೊಂಡು ಮನೆಗೆ ತಂದೆ. ಆಮೇಲೆ ನಡೆದುಕೊಂಡು ಹೋಗಿ ಕಾರನ್ನು ತಂದೆ. ಇದರಲ್ಲಿ ನಗುವಂಥದ್ದು ಏನಿದೆ ಎಂದು ನನಗೆ ಇವತ್ತಿಗೂ ತಿಳಿದಿಲ್ಲ, ಆದರೆ ಜಟಕಾದವನು ದಾರಿಯುದ್ದಕ್ಕೂ ನಕ್ಕ.

ಬಲ್ಬು ಜೋಡಿಸಿದ್ದು ಮೆಕ್ಯಾನಿಕ್ ಲಾರೆನ್ಸ್. ಅವನು ಜೋಡಿಸುವ ಮುಂಚೆ ನಾನು ಹೆಡ್‌ಲೈಟಿನ ಒಳಗಿನ ಬಟ್ಟಲನ್ನು ದೇವರ ಬೆಳ್ಳಿ ಪಾತ್ರೆ ತಿಕ್ಕುವ ವಿಭೂತಿಯಿಂದ ಉಜ್ಜಿ ನನ್ನ ಮೀಸೆ ಕಾಣುವಷ್ಟು ಹೊಳಪು ಮಾಡಿದ್ದೆ. ಲಾರೆನ್ಸ್ ಸ್ವಿಚ್ ತಿರುಗಿಸಿದ. ಕೊಟ್ಟಿಗೆಯ ಗೋಡೆಯ ಮೇಲೆ ಎರಡು ಸೂರ್ಯ ಹುಟ್ಟಿದವು. ಗೋಡೆಯ ಮೇಲೆ ಇಷ್ಟು ಜೇಡರ ಬಲೆ ಇತ್ತೆಂದು ನಮಗೆ ಅಂದೇ ಗೊತ್ತಾದದ್ದು. ಲಾರೆನ್ಸ್ ಕಣ್ಣು ಕಿರಿದು ಮಾಡಿಕೊಂಡು, "ಬಲ್ಬು ಭಾರೀ ಉಂಟು ಸರ್. ಆದ್ರೆ ನಿಮ್ಮ ಡೈನಮೊ ಪಾಪ, ಇಷ್ಟು ದೊಡ್ಡವರನ್ನು ಸಾಕ್ಲಿಕ್ಕೆ ಅದಕ್ಕೆ ಆಗುದಿಲ್ಲ. ಓಡುವಾಗ ತೊಂದ್ರೆ ಇಲ್ಲ. ನಿಲ್ಲಿಸಿಕೊಂಡು ಉರಿಸ್ಬೇಡಿ ಆಯ್ತಾ?" ಎಂದ. ನಾನು ಆಯಿತು ಎಂದೆ. ಆ ಬೆಳಕಿನ ಮುಂದೆ ನಿಂತು ಯಾರು ಏನು ಹೇಳಿದ್ದರೂ ಆಯಿತು ಎನ್ನುತ್ತಿದ್ದೆ.

ಅಂದು ಸಂಜೆ ಕೋರ್ಟಿನಿಂದ ಹೊರಟದ್ದು ಸ್ವಲ್ಪ ತಡ. ಆಗ ಊರಿಗೆ ಕರೆಂಟು ಬಂದಿರಲಿಲ್ಲ. ಬೀದಿಗೆ ಸೀಮೆಎಣ್ಣೆಯ ದೀಪ. ಏಣಿ ಹೊತ್ತು ಒಂದೊಂದೇ ಕಂಬಕ್ಕೆ ಹತ್ತಿ ಇಳಿಯುತ್ತ ಬರುವವನು ನಮ್ಮ ಜೆಪ್ಪಿಗೆ ಮುಟ್ಟುವಾಗ ಚೆನ್ನಾಗಿ ಕತ್ತಲಾಗಿರುತ್ತಿತ್ತು. ನಾನು ಜೆಪ್ಪಿನ ತಿರುವಿನಲ್ಲಿ ಸ್ವಿಚ್ ತಿರುಗಿಸಿದೆ. ಬೆಳಕು ಮುಂದೆ ಓಡಿತು, ನಾನು ಅದರ ಹಿಂದೆ ಹೋದೆ. ದಾರಿಯ ಬದಿಯಲ್ಲಿ ಹೆಗಲಿಗೆ ಬೈರಾಸು, ಅಂದರೆ ಅಂಗವಸ್ತ್ರ, ಹಾಕಿಕೊಂಡ ಒಬ್ಬ ಮುದುಕ ನಿಂತ. ನಿಂತವನು ಎರಡೂ ಕೈ ಎತ್ತಿ ನನಗೆ ನಮಸ್ಕಾರ ಮಾಡಿದ. ಅವನ ಪರಿಚಯ ನನಗಿರಲಿಲ್ಲ. ಮುಂದೆ ಒಂದು ಮನೆಯ ಬೇಲಿಬಾಗಿಲಿನ ದಣಪೆಯ ಹತ್ತಿರ ಒಬ್ಬ ಹೆಂಗಸು, ಅವಳೂ ಕೈ ಮುಗಿದಳು. ಅಂಗಡಿಯ ಬಾಗಿಲಲ್ಲಿ ಬೀಡಿ ಸೇದುತ್ತಿದ್ದವರು ಬೀಡಿಯನ್ನು ಬಾಯಿಂದ ತೆಗೆದು, ಮರ್ಯಾದೆಯಿಂದ ಹಿಂದೆ ಹಿಡಿದುಕೊಂಡು, ಇನ್ನೊಂದು ಕೈಯನ್ನು ಎದೆಗೆ ಮುಟ್ಟಿಸಿಕೊಂಡರು.

ಮನುಷ್ಯನಿಗೆ ಗೌರವ ಸಿಕ್ಕಿದಾಗ ಅದಕ್ಕೆ ಕಾರಣ ಹುಡುಕಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಅದೇ ತಿಂಗಳು ನಾನು ಒಂದು ಬೇಲಿಯ ಕೇಸು ಗೆದ್ದಿದ್ದೆ. ಸುದ್ದಿ ಹಬ್ಬಿರಬೇಕು ಎಂದುಕೊಂಡೆ. ತಲೆಯನ್ನು ಗಂಭೀರವಾಗಿ ಬಾಗಿಸಿ ಪ್ರತಿನಮಸ್ಕಾರ ಮಾಡಿದೆ. ಆಮೇಲೆ ಬರೀ ತಲೆ ಬಾಗಿಸಿದರೆ ಸಾಲದು ಎನಿಸಿ ಹಾರನ್ನನ್ನೂ ಮೆಲ್ಲಗೆ ಎರಡು ಸಲ ಒತ್ತತೊಡಗಿದೆ. ಬೆದರಿಸುವ ಪೋಂ ಅಲ್ಲ, ಕ್ಷೇಮವೇ ಎಂದು ಕೇಳುವ ಪೋಂ. ಅದನ್ನು ಒತ್ತಲು ಬೆರಳಿನ ತುದಿ ಸಾಕು.

ಆ ಮೇಲೆ ನಾನು ಮೂರ್ಸಂಜೆಗೆ ಮನೆಯಲ್ಲಿದ್ದದ್ದು ಕಡಿಮೆ. ಕೋರ್ಟು ಬೇಗ ಮುಗಿದರೂ ಹಂಪನಕಟ್ಟೆಯಲ್ಲಿ ಅವರಿವರ ಹತ್ತಿರ ಮಾತಾಡುತ್ತ ಹೊತ್ತು ಕಳೆದು, ಬೆಳಕು ಮಾಸತೊಡಗಿದ ಕೂಡಲೇ ಹೊರಡುತ್ತಿದ್ದೆ. ಮನೆಗೆ ಹೋಗುವ ನೇರ ದಾರಿ ಬಿಟ್ಟು ಓಣಿಯಿಂದ ಓಣಿಗೆ ಸುತ್ತುತ್ತಿದ್ದೆ. ಹೋದಲ್ಲೆಲ್ಲ ನಮಸ್ಕಾರ. ಒಂದು ವಿಚಿತ್ರವನ್ನು ನಾನು ಗಮನಿಸದೆ ಇರಲಿಲ್ಲ: ಅದೇ ದಾರಿಯಲ್ಲಿ ಸ್ವಲ್ಪ ಹೊತ್ತು ಕಳೆದು ವಾಪಸು ಬಂದರೆ ಯಾರೂ ಕೈ ಮುಗಿಯುತ್ತಿರಲಿಲ್ಲ. ಒಮ್ಮೆ ಮುಗಿದವರು ಮತ್ತೊಮ್ಮೆ ಮುಗಿಯಬೇಕೆಂದು ಕಾನೂನಿಲ್ಲವಲ್ಲ. ನಾನು ಅಷ್ಟು ದುರಾಸೆಯ ಮನುಷ್ಯನಲ್ಲ. ರುಕ್ಮಿಣಿ ಮಾತ್ರ ಗೊಣಗುತ್ತಿದ್ದಳು. "ದೀಪ ಹಚ್ಚುವ ಹೊತ್ತಿಗೆ ಮನೆಯ ಯಜಮಾನರು ಮನೆಯಲ್ಲಿಲ್ಲ. ಬಂದಮೇಲೆ ದೇವರ ಮುಂದೆ ನಿಲ್ಲುವುದು ಸಹ ಇಲ್ಲ. ಎಂತ ಕ್ರಮ ಇದು?" ಎನ್ನುತ್ತಿದ್ದಳು. ಊರಿನ ಜವಾಬ್ದಾರಿ ಇರುವವನ ಕಷ್ಟ ಹೆಂಗಸರಿಗೆ ಎಲ್ಲಿ ತಿಳಿಯುತ್ತದೆ ಎಂದುಕೊಳ್ಳುತ್ತಿದ್ದೆ.

ನನ್ನ ತಲೆ ಪೂರ್ತಿ ತಿರುಗಿದ್ದು ಕೂಳೂರಿನ ದೋಣಿ ಕಡವಿನಲ್ಲಿ. ಸುರತ್ಕಲ್ಲು ರುಕ್ಮಿಣಿಯ ತವರು. ಅಲ್ಲಿಂದ ಊರಿಗೆ ಬರುವಾಗ ಕೂಳೂರಿನ ಹೊಳೆ ದಾಟಬೇಕು. ಆಗ ಸೇತುವೆ ಇರಲಿಲ್ಲ. ಎರಡು ದೋಣಿಗಳನ್ನು ಒಟ್ಟು ಕಟ್ಟಿ ಮೇಲೆ ಹಲಗೆ ಹಾಸಿದ ಜಂಗಲಿನ ಮೇಲೆ ಕಾರನ್ನು ಏರಿಸಿ, ಇಬ್ಬರು ಬಿದಿರಿನ ಗಳು ಹಾಕಿ ನೂಕುತ್ತಾರೆ. ಅಂದು ನಾವು ಹೊಳೆಯ ನಡುವೆ ಮುಟ್ಟುವಾಗ ಸೂರ್ಯ ಮುಳುಗಿ ಆಗಿತ್ತು. ಆಚೆ ದಡದಲ್ಲಿ ಜನ ಕಾಯುತ್ತಿದ್ದರು: ಮೀನಿನ ಬುಟ್ಟಿಯ ಹೆಂಗಸರು, ಎತ್ತಿನ ಗಾಡಿಯವರು, ಮದುವೆಗೆ ಹೋಗಿ ಬಂದ ಒಂದು ಗುಂಪು. ದಡ ಕಾಣಲಿ ಎಂದು ನಾನು ಸ್ವಿಚ್ ತಿರುಗಿಸಿದೆ. ನೀರಿನ ಮೇಲೆ ಬೆಳಕು ಹಾಸಿಕೊಂಡಿತು. ಮರುಗಳಿಗೆಯಲ್ಲಿ ಇಡೀ ದಡ, ಕೂತವರು ಎದ್ದು, ಬುಟ್ಟಿ ಹೊತ್ತವರು ಬುಟ್ಟಿ ಇಳಿಸಿ, ನನ್ನ ಕಡೆ ತಿರುಗಿ ಕೈ ಮುಗಿಯಿತು. ಪಕ್ಕದಲ್ಲಿ ರುಕ್ಮಿಣಿಯೂ ಕೈ ಜೋಡಿಸಿದಳು. ಅವಳು ಹೊಳೆಗೆ ಮುಗಿದಳು ಎಂದುಕೊಂಡೆ. ನನ್ನ ಅಪ್ಪ ಬದುಕಿದ್ದು ಇದನ್ನು ನೋಡಬೇಕಿತ್ತು ಎನಿಸಿ ನಿಜವಾಗಿಯೂ ಕಣ್ಣು ಒದ್ದೆಯಾಯಿತು. ದಡ ಮುಟ್ಟುವ ಮುಂಚೆಯೇ, ಬರುವ ಮುನಿಸಿಪಾಲಿಟಿ ಚುನಾವಣೆಗೆ ನಿಲ್ಲುವುದು ಎಂದು ನಿಶ್ಚಯ ಮಾಡಿಬಿಟ್ಟೆ. ಆ ದಡದ ಒಬ್ಬರಿಗೂ ನಮ್ಮ ವಾರ್ಡಿನಲ್ಲಿ ಓಟಿಲ್ಲ ಎಂಬ ಸಣ್ಣ ಸಂಗತಿ ಹೊಳೆದದ್ದು ಮನೆಗೆ ಬಂದ ಮೇಲೆ.

ನಮ್ಮ ವಾರ್ಡಿನಲ್ಲಿ ಆಗಿನ ಮೆಂಬರು ಡಾಕ್ಟರ್ ಶೆಣೈ. ಒಳ್ಳೆಯವರು, ನನ್ನ ಸ್ನೇಹಿತರು, ಆದರೆ ನನ್ನ ದೃಷ್ಟಿಯಲ್ಲಿ ಸ್ವಲ್ಪ ಮಂಕು. ಕಾರಿಲ್ಲ, ಗಾಡಿಯಿಲ್ಲ. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಔಷಧಿಯ ಚೀಲ, ದಿನವಿಡೀ ನಡೆಯುತ್ತಿದ್ದರು. ಹತ್ತು ಹೆಜ್ಜೆಗೊಬ್ಬರು ನಿಲ್ಲಿಸಿ ಕೆಮ್ಮು, ಭೇದಿ, ಚರಂಡಿ ಎಲ್ಲವನ್ನೂ ಅವರ ಕಿವಿಗೆ ತುಂಬುತ್ತಿದ್ದರು. ನಾನು ನಿಲ್ಲುತ್ತೇನೆಂದು ಕೇಳಿದಾಗ, "ನಿಲ್ಲಿ ವಕೀಲರೇ, ಧಾರಾಳವಾಗಿ ನಿಲ್ಲಿ. ನನಗೂ ಕಾಲು ನೋವು ಉಂಟು" ಎಂದರು. ಪಾಪ ಎನಿಸಿತು. ಇಡೀ ಜೆಪ್ಪು ದಿನಾ ಸಂಜೆ ನನಗೆ ಕೈ ಮುಗಿಯುತ್ತಿರುವುದು ಅವರಿಗೆ ಗೊತ್ತಿರಲಿಲ್ಲ. ನಾಮಪತ್ರ ಕೊಟ್ಟು ಬಂದೆ.

ಓಟು ಕೇಳಲಿಕ್ಕೆ ಮೊದಲು ಹೋದದ್ದು ಸೀತಕ್ಕನ ಮನೆಗೆ. ಹೊಳೆಯ ಬದಿಯ ಮೊಗವೀರರ ಓಣಿಯಲ್ಲಿ ಅವಳ ಹೆಂಚಿನ ಮನೆ. ಮೀನಿನ ವ್ಯಾಪಾರದಲ್ಲಿ ಗಟ್ಟಿ ಹೆಂಗಸು. ಗಂಡಸರು ಸಮುದ್ರದಲ್ಲಿರುವಾಗ ಇಡೀ ಓಣಿಯನ್ನು ಆಳುವವಳು ಅವಳೇ. ಅವಳು ಹೇಳಿದ ಕಡೆಗೆ ಓಣಿಯ ಓಟು ಬೀಳುತ್ತದೆ. ಅವಳು ದಿನಾ ಸಂಜೆ ಓಣಿಯ ಬಾಯಲ್ಲಿ ನಿಂತು ನನಗೆ ಕೈ ಮುಗಿಯುವುದನ್ನು ನಾನೇ ನೋಡಿದ್ದೆ. ಹಾಗಾಗಿ ಇಲ್ಲಿ ಕೇಳುವುದೇನು, ಧನ್ಯವಾದ ಹೇಳಿ ಬಂದರಾಯಿತು ಎಂದುಕೊಂಡು ಆದಿತ್ಯವಾರ ಬೆಳಿಗ್ಗೆ ಪೇಟ ಇಟ್ಟುಕೊಂಡು, ಜರಿಯ ಶಾಲು ಹೊದ್ದು ಹೋದೆ. ಅವಳು ಜಗಲಿಯಲ್ಲಿ ಕೂತು ಅಂಗಳದ ಒಣಮೀನಿಗೆ ಬರುವ ಕಾಗೆಗಳನ್ನು ಕೋಲಿನಿಂದ ಓಡಿಸುತ್ತಿದ್ದಳು. ನನ್ನನ್ನು ನೋಡಿ ಕೋಲು ಕೆಳಗಿಡಲಿಲ್ಲ. ಅವಳು ಆಡಿದ್ದು ತುಳುವಿನಲ್ಲಿ. ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿರುವುದರಿಂದ ಅದರ ಖಾರ ಅರ್ಧ ಇಳಿದಿದೆ.

"ಯಾರು? ಬಾಡಿಗೆಗೆ ಮನೆ ನೋಡ್ಲಿಕ್ಕಾ?"

ನಾನು ನಕ್ಕೆ. "ಸೀತಕ್ಕ, ನನ್ನ ಗುರುತು ಸಿಗಲಿಲ್ವಾ? ದಿನಾ ಸಂಜೆ ನೀವು ನನಗೆ ಕೈ ಮುಗಿಯುತ್ತೀರಲ್ಲ?"

"ನಾನಾ? ನಿಮಗಾ? ಎಂತಕ್ಕೆ?"

ಕಾರಿನ ವಿಷಯ ಹೇಳಿದೆ. ಅವಳ ಮುಖ ಅರಳಿತು. ಕೋಲು ಕೆಳಗೆ ಬಿತ್ತು. "ಓ! ಆ ದೀಪ ನಿಮ್ಮದಾ!" ಎಂದು ಎದ್ದು ನಿಂತು ಒಳಗಿದ್ದ ಸೊಸೆಯನ್ನು ಕೂಗಿದಳು. "ಬಾರೇ ಇಲ್ಲಿ, ಆ ದೀಪದವರು ಬಂದಿದ್ದಾರೆ!" ಮತ್ತೆ ನನ್ನ ಕಡೆ ತಿರುಗಿ, "ಎಂತ ಚಂದ ದೀಪ ಮಾರಾಯ್ರೇ! ಮೂರ್ಸಂಜೆಗೆ ನಮ್ಮ ಓಣಿಗೆ ಮೊದಲು ಕಾಣುವ ದೀಪ ಅದು. ನಾವು ಮನೆಯಲ್ಲಿ ದೀಪ ಹಚ್ಚುವ ಮುಂಚೆಯೇ ಬರ್ತದೆ. ದಿನದ ಮೊದಲ ದೀಪಕ್ಕೆ ಕೈ ಮುಗಿಯದೆ ಇರ್ಲಿಕ್ಕೆ ಆಗ್ತದಾ?" ಎಂದಳು.

ನನಗೆ ಏನೋ ತಪ್ಪಿದಂತಾಯಿತು. "ಅಂದರೆ ನೀವು ಕೈ ಮುಗಿಯುವುದು ದೀಪಕ್ಕಾ?"

"ಮತ್ತೆಂತಕ್ಕೆ?"

"ಅದರ ಹಿಂದೆ ನಾನು ಕೂತಿರುತ್ತೇನೆ. ತಲೆ ಬಾಗಿಸುತ್ತೇನೆ ಸಹ."

"ಹಿಂದೆ ಯಾರಿದ್ದಾರೆ ಅಂತ ಯಾರಿಗೆ ಕಾಣ್ತದೆ? ಆ ಬೆಳಕು ಹಾಗುಂಟು! ಮೊದಲು ಒಂದು ಮಂಕು ದೀಪ ಇತ್ತಲ್ಲ, ಆಗ ಒಳಗೆ ಯಾರೋ ಪೇಟದವರು ಕೂತದ್ದು ಕಾಣ್ತಿತ್ತು. ಈಗ ಎಂತದೂ ಕಾಣುದಿಲ್ಲ. ಯಾರಾದ್ರೂ ಡ್ರೈವರ್ ಇರ್ಬಹುದು ಅಂತ ನಾವು."

"ಹಾರನ್ ಒತ್ತುತ್ತೇನಲ್ಲ, ಮೆಲ್ಲಗೆ?"

"ಅದು ನಮಗಾ? ದನ ಅಡ್ಡ ಬಂತು ಅಂತ ಗ್ರಹಿಸಿದೆ."

ಕೊನೆಗೆ ಓಟಿನ ಮಾತು ಎತ್ತಿದೆ. ಎತ್ತದೆ ಬರಬೇಕಿತ್ತು. "ಓಟು ಡಾಕ್ಟ್ರಿಗೆ ಅಂತ ಹೇಳಿ ಆಗಿದೆ. ಅವರು ದಿನಾ ಬರ್ತಾರೆ, ಮಾತಾಡ್ತಾರೆ, ಮುಖ ಕಾಣ್ತದೆ" ಎಂದಳು. ನನ್ನ ಮುಖ ಸಪ್ಪಗಾದದ್ದು ನೋಡಿ ಮನಸ್ಸು ಕರಗಿರಬೇಕು. ಸಮಾಧಾನಕ್ಕೆ, "ನಿಮ್ಮ ದೀಪಕ್ಕೆ ಓಟು ಹಾಕ್ಲಿಕ್ಕೆ ಉಂಟಾ? ಉಂಟಾದ್ರೆ ಹೇಳಿ, ಇಡೀ ಓಣಿಯದ್ದು ಅದಕ್ಕೇ" ಎಂದಳು.

ನಿಜ ಹೇಳುತ್ತೇನೆ, ನೋವಾಯಿತು. ಮನೆಗೆ ಬಂದು ಶಾಲು ತೆಗೆಯದೆ ಜಗಲಿಯಲ್ಲಿ ಕೂತೆ. ರುಕ್ಮಿಣಿ ಕಾರಣ ಕೇಳಿದಳು, ಹೇಳಿದೆ. ಅವಳಿಗೆ ಆಶ್ಚರ್ಯವಾದದ್ದು ಸೀತಕ್ಕನ ಮಾತಿಗಲ್ಲ, ನನಗೆ. "ನಿಮಗೆ ಇಷ್ಟು ದಿನ ಗೊತ್ತಿರ್ಲಿಲ್ವಾ? ಕೂಳೂರಿನಲ್ಲಿ ನಾನು ಕೈ ಮುಗಿದದ್ದು ಎಂತಕ್ಕೆ ಅಂತ ಗ್ರಹಿಸಿದಿರಿ?"

"ಹೊಳೆಗೆ."

"ಹೊಳೆ ನನಗೆ ಹೊಸತಾ? ನೀವು ಸ್ವಿಚ್ ಹಾಕಿದಿರಿ, ದೀಪ ಬಂತು, ಕೈ ಮುಗಿದೆ."

"ಹಾಗಾದರೆ ಮೊದಲೇ ಹೇಳಬಾರದಿತ್ತಾ?"

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಹೇಳುವ ಅಂತ ಇತ್ತು. ನೀವು ಅಷ್ಟು ಖುಷಿಯಲ್ಲಿದ್ದಿರಿ. ಹೇಗೆ ಹೇಳುವುದು?" ಎಂದಳು.

ನನಗೆ ಅಜ್ಜನ ನೆನಪಾಯಿತು. ಗರ್ಭಗುಡಿಯ ಬಾಗಿಲಲ್ಲಿ ನಿಂತು ಅವರು ಆರತಿ ಎತ್ತುವಾಗ ತುಂಬಿದ ಚಾವಡಿ ಕೈ ಮುಗಿಯುತ್ತಿತ್ತು. ಆರತಿ ಇಳಿಸಿ ಹೊರಗೆ ಬಂದರೆ, ಅಜ್ಜ ಎಂದರೆ ಒದ್ದೆ ಪಂಚೆಯ ಒಬ್ಬ ಸಣಕಲು ಮನುಷ್ಯ. ಯಾರಾದರೂ ದಾರಿ ಬಿಟ್ಟರೆ ಹೆಚ್ಚು. ಅವರಿಗೆ ಅದರಲ್ಲಿ ಯಾವ ಗೊಂದಲವೂ ಇರಲಿಲ್ಲ. ಜೀವಮಾನವಿಡೀ ದೀಪ ಹಿಡಿದವರು ಒಮ್ಮೆಯೂ ನಮಸ್ಕಾರವನ್ನು ತಮ್ಮ ಲೆಕ್ಕಕ್ಕೆ ಹಾಕಿಕೊಳ್ಳಲಿಲ್ಲ. ಹಾಗೆ ಲೆಕ್ಕಕ್ಕೆ ಹಾಕಿಕೊಳ್ಳಲು ಅವರ ಮೊಮ್ಮಗ ಕಾನೂನು ಓದಬೇಕಾಯಿತು.

ಆದರೂ ವಕೀಲನಾದವನು ತೀರ್ಪಾದ ಮೇಲೂ ಅಪೀಲಿಗೆ ದಾರಿ ಹುಡುಕುತ್ತಾನೆ. ಜನರಿಗೆ ಕಾಣುವುದು ದೀಪ, ಕಾಣದ್ದು ನಾನು. ಹಾಗಾದರೆ ನಾನು ಕಾಣುವಂತೆ ಮಾಡಿದರಾಯಿತು. ಚುನಾವಣೆಗೆ ಇನ್ನೂ ದಿನಗಳಿದ್ದವು. ಮರುದಿನ ಸಂಜೆ ಜೆಪ್ಪಿನ ತಿರುವಿನಲ್ಲಿ ಕಾರು ನಿಲ್ಲಿಸಿದೆ. ದೀಪ ಹಾಕಿದೆ. ಇಳಿದು ಹೋಗಿ ಎರಡೂ ಹೆಡ್‌ಲೈಟುಗಳ ಮುಂದೆ, ಜನರ ಕಡೆ ಮುಖ ಮಾಡಿ, ಕೈ ಮುಗಿದು, ನಗುತ್ತ ನಿಂತೆ. ಬೆನ್ನಿಗೆ ಬೆಳಕಿದ್ದರೆ ಮುಖ ಕಪ್ಪಾಗುತ್ತದೆ ಎಂಬುದು ಆ ಹೊತ್ತಿಗೆ ನನಗೆ ಹೊಳೆಯಲಿಲ್ಲ. ಜನರಿಗೆ ಕಂಡದ್ದು ಪೇಟ ಇಟ್ಟುಕೊಂಡ ಒಂದು ಕರಿಯ ಆಕಾರ. ಒಂದು ಮಗು ಕಿಟಾರನೆ ಕಿರುಚಿ ತಾಯಿಯ ಸೆರಗಿನಲ್ಲಿ ಅಡಗಿತು. ಆ ಬೈರಾಸಿನ ಮುದುಕ ಬಂದ. ಕೈ ಎತ್ತಿದವನು ಹಾಗೆಯೇ ನಿಂತು, ಕತ್ತನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಗ್ಗಿಸಿ ನೋಡಿ, "ಸ್ವಲ್ಪ ಆಚೆ ನಿಲ್ಲಿ ಮಾರಾಯ್ರೇ, ದೀಪಕ್ಕೆ ಅಡ್ಡ ಬರ್ಬೇಡಿ" ಎಂದ.

ನಾನು ಆಚೆ ನಿಂತೆ. ಅವನು ಕೈ ಮುಗಿದು ಹೋದ. ಮತ್ತೊಬ್ಬರು ಬಂದರು, ಅವರಿಗೂ ಜಾಗ ಬಿಟ್ಟುಕೊಟ್ಟೆ. ಹೀಗೆ ದೀಪದ ಪಕ್ಕದಲ್ಲಿ ದ್ವಾರಪಾಲಕನ ಹಾಗೆ ನಿಂತಿರುವಾಗಲೇ ಬೆಳಕು ಹಳದಿಯಾಯಿತು, ಕೆಂಪಾಯಿತು, ಆಮೇಲೆ ಬಲ್ಬಿನ ತಂತಿ ಮಾತ್ರ ಕೆಂಡದಂತೆ ಕಂಡಿತು. ನಿಲ್ಲಿಸಿಕೊಂಡು ಉರಿಸಬೇಡಿ ಎಂದು ಲಾರೆನ್ಸ್ ಹೇಳಿದ್ದು ಆಗ ನೆನಪಾಯಿತು. ಬ್ಯಾಟರಿ ಖಾಲಿ. ಕಾರು ಹೊರಡಲಿಲ್ಲ. ಸುತ್ತ ಇದ್ದವರೆಲ್ಲ ಸಂತೋಷದಿಂದ ಬಂದು ತಳ್ಳಿದರು. ನಮ್ಮ ಊರಿನವರು ಓಟು ಕೊಡದಿದ್ದರೂ ಕಾರು ತಳ್ಳಲು ಇಲ್ಲ ಎನ್ನುವುದಿಲ್ಲ. ನಾನು ಸ್ಟಿಯರಿಂಗು ಹಿಡಿದು ಕೂತಿದ್ದೆ. ಹಿಂದೆ "ಹೋಯ್, ಹೋಯ್, ಎಲ್ಲರೂ ಒಟ್ಟಿಗೆ!" ಎಂದು ಕೂಗುತ್ತಿದ್ದ ದನಿ ಪರಿಚಯದ್ದೆನಿಸಿ ತಿರುಗಿ ನೋಡಿದರೆ ಡಾಕ್ಟರ್ ಶೆಣೈ. ಕೊಡೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ತೋಳು ಮಡಚಿ, ಬೆವರು ಸುರಿಸುತ್ತ ನನ್ನ ಕಾರನ್ನು ತಳ್ಳುತ್ತಿದ್ದರು. ನನಗೆ ಬರಬಹುದಾಗಿದ್ದ ನಾಲ್ಕಾರು ಓಟುಗಳೂ ಆ ಸಂಜೆಯೇ ಅವರ ಕಡೆ ಹೋದವು ಎಂದು ಕಾಣುತ್ತದೆ.

ಸೋತೆ. ಎಷ್ಟರಲ್ಲಿ ಸೋತೆ ಎಂದು ಕೇಳಬೇಡಿ. ಲಾರೆನ್ಸ್ ಬ್ಯಾಟರಿ ಬಿಚ್ಚಿಕೊಂಡು ಹೋದ. ಅದಕ್ಕೆ ಜೀವ ಬರಲು ಬಹಳ ದಿನ ಹಿಡಿಯಿತು. ಕಾರು ಕೊಟ್ಟಿಗೆಯಲ್ಲಿ ಬಿತ್ತು. ನಾನು ಮೂರ್ಸಂಜೆಗೆ ಮನೆಯಲ್ಲಿರತೊಡಗಿದೆ.

ಒಂದು ದಿನ ಡಾಕ್ಟರು ಮನೆಗೆ ಬಂದರು. ಕಾಲು ನೋವು ತಡೆಯಲಾಗುವುದಿಲ್ಲ, ಒಂದು ಹಳೆಯ ಕಾರು ಕೊಂಡಿದ್ದೇನೆ ಎಂದರು. "ಎಲ್ಲ ಸರಿ ಉಂಟು ವಕೀಲರೇ, ದೀಪ ಮಾತ್ರ ಎಂತದಕ್ಕೂ ಸಾಲುದಿಲ್ಲ. ನಿಮ್ಮಂಥ ಬಲ್ಬು ಈ ಊರಲ್ಲಿ ಯಾರ ಹತ್ರವೂ ಇಲ್ಲ. ಎಲ್ಲಿಂದ ತರಿಸಿದ್ದು, ಹೇಳ್ತೀರಾ?" ಎಂದರು. ಸೋತ ಮನುಷ್ಯನ ಬೆನ್ನು ಅಂದು ಎಷ್ಟು ನೆಟ್ಟಗಾಯಿತೆಂದರೆ ರುಕ್ಮಿಣಿ ಒಳಗಿನಿಂದ ಇಣುಕಿ ನೋಡಿದಳು. ಪತ್ರಿಕೆ ತೆಗೆದು ಚಿತ್ರ ತೋರಿಸಿದೆ, ಕುರಿಗಳನ್ನು ತೋರಿಸಿದೆ, ಅವರ ಪರವಾಗಿ ಬೊಂಬಾಯಿಗೆ ನಾನೇ ಬರೆದೆ. ಪೆಟ್ಟಿಗೆ ಬಂದ ದಿನ ಅದನ್ನು ಜಟಕಾದಲ್ಲಿಯೇ ತರಬೇಕೆಂದು ಹಟ ಹಿಡಿದೆ. ಬಟ್ಟಲನ್ನು ವಿಭೂತಿಯಿಂದ ಉಜ್ಜಿಕೊಟ್ಟದ್ದೂ ನಾನೇ. ಊರಿನಲ್ಲಿ ಬಲ್ಬಿನ ವಿಷಯದಲ್ಲಿ ನನ್ನಷ್ಟು ತಿಳಿದವರು ಆಗ ಬೇರೆ ಇರಲಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಅದಾದ ಕೆಲವೇ ದಿನಗಳಲ್ಲಿ ಒಂದು ಸಂಜೆ ನಾನು ನಮ್ಮ ದಣಪೆಯ ಹತ್ತಿರ ನಿಂತಿದ್ದೆ. ಬೆಳಕು ಮಾಸುತ್ತಿತ್ತು. ರುಕ್ಮಿಣಿ ಇನ್ನೂ ದೀಪ ಹಚ್ಚಿರಲಿಲ್ಲ. ತಿರುವಿನಲ್ಲಿ ಫಕ್ಕನೆ ಬೆಳಕು ಬಂತು, ಓಣಿಯ ಕಲ್ಲು, ಕಳ್ಳಿ, ಹೆಂಚಿನ ಮಾಡು ಎಲ್ಲ ಒಮ್ಮೆಗೇ ಬೆಳಗಿದವು. ಎಷ್ಟು ಚಂದದ ಬೆಳಕು! ನನ್ನ ಕಾರಿನಲ್ಲಿ ಕೂತು ನಾನು ಅದನ್ನು ಹಿಂದಿನಿಂದ ಮಾತ್ರ ನೋಡಿದ್ದೆ. ಮುಂದೆ ನಿಂತವರಿಗೆ ಅದು ಹೀಗೆ ಕಾಣುತ್ತದೆಂದು ತಿಳಿದಿರಲಿಲ್ಲ. ನನ್ನ ಎರಡೂ ಕೈಗಳು ನನ್ನನ್ನು ಕೇಳದೆಯೇ ಮೇಲೆ ಬಂದು ಜೋಡಿಕೊಂಡವು. ಅದು ಡಾಕ್ಟರ ಕಾರು ಎಂದು ಹೊಳೆಯುವಾಗ ಕಾರು ನನ್ನನ್ನು ದಾಟಿ ಆಗಿತ್ತು. ದಾಟುವಾಗ ಹಾರನ್ ಮೆಲ್ಲಗೆ ಎರಡು ಸಲ ಕೂಗಿತು. ಬೆದರಿಸುವ ಪೋಂ ಅಲ್ಲ. ಆ ಪೋಂ ನನಗೆ ಚೆನ್ನಾಗಿ ಗೊತ್ತು. ಅದನ್ನು ಒತ್ತಲು ಬೆರಳಿನ ತುದಿ ಸಾಕು.

ಮರುದಿನ ಬೆಳಿಗ್ಗೆ ಡಾಕ್ಟರು ಹುಡುಕಿಕೊಂಡು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣು ಒದ್ದೆಯಾಗಿತ್ತು. "ವಕೀಲರೇ, ನಿನ್ನೆ ನೋಡಿದೆ. ಸೋತವರು ಗೆದ್ದವನಿಗೆ ದಾರಿಯಲ್ಲಿ ನಿಂತು ಕೈ ಮುಗಿಯುವುದು ಅಂದ್ರೆ ಸಣ್ಣ ವಿಷಯ ಅಲ್ಲ. ಎಷ್ಟು ದೊಡ್ಡ ಮನಸ್ಸು ಮಾರಾಯ್ರೇ ನಿಮ್ಮದು! ಈಗ ಜನರೆಲ್ಲ ನನಗೆ ಕೈ ಮುಗೀತಾರೆ, ಆದ್ರೆ ನೀವು ಮುಗಿದದ್ದು ಬೇರೆಯೇ" ಎಂದರು. ಒಳಗಿನಿಂದ ರುಕ್ಮಿಣಿ ಕೆಮ್ಮಿದಳು. ನಾನು ಬಾಯಿ ತೆರೆದೆ. ಡಾಕ್ಟರ ಮುಖ ನೋಡಿದೆ. ಅಷ್ಟು ಖುಷಿಯಲ್ಲಿದ್ದರು, ಹೇಗೆ ಹೇಳುವುದು?

ಅವರು ಸುಮ್ಮನೆ ಹೋಗಲಿಲ್ಲ. ರೋಗಿಗಳ ಮನೆಯಲ್ಲಿ, ಮುನಿಸಿಪಾಲಿಟಿಯಲ್ಲಿ, ಕೋರ್ಟಿನಲ್ಲಿ, ಎಲ್ಲೆಲ್ಲಿಯೂ ನನ್ನ ದೊಡ್ಡ ಮನಸ್ಸಿನ ಕತೆ ಹೇಳಿದರು. ಹಾಗಾಗಿ ಈಗ ನನಗೆ ಊರಿನಲ್ಲಿ ಒಂದು ಹೆಸರುಂಟು. ಆ ಹಲ್ಲಿನ ವಕೀಲರೂ ಅಡಿಕೆ ಜಗಿಯುವುದನ್ನು ನಿಲ್ಲಿಸಿ ನನಗೆ ನಮಸ್ಕಾರ ಹೇಳಿದರು. ನಾನು ಅದನ್ನು ತಿದ್ದಲು ಹೋಗಿಲ್ಲ. ಯಾರಾದರೂ ಎದುರು ಬಂದು ಕೈ ಮುಗಿದರೆ ಗಂಭೀರವಾಗಿ ತಲೆ ಬಾಗಿಸುತ್ತೇನೆ. ಆದರೆ ಹಗಲು ಹೊತ್ತಾದರೆ ಮಾತ್ರ.